ಎಂಟು ಮೈಕಿನ ತಾಳಮದ್ದಳೆಯನ್ನು ರೀಪರ್‌ನಲ್ಲಿ ಬೇಗ ಎಡಿಟ್ ಮಾಡೋದು ಹೇಗೆ?

ಮೂರು ಗಂಟೆಯ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ಎಂಟು ಮೈಕು, ಎಂಟು ಟ್ರ್ಯಾಕು. ಒಂದೊಂದೇ ಟ್ರ್ಯಾಕಿಗೆ ಹೋಗಿ ಕೆಮ್ಮು, ಕುರ್ಚಿ ಎಳೆದ ಸದ್ದು ಎಲ್ಲ ಕತ್ತರಿಸಿ, ಆಮೇಲೆ ಮಿಕ್ಸ್ ಮಾಡುವಷ್ಟರಲ್ಲಿ ವಾರ ಕಳೆಯುತ್ತದೆ, ರೀಪರ್ ಎಂಬ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬೇಗ ಮುಗಿಸುವ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನಗೆ ತಿಳಿದಂತೆ ಸಮಯ ಹೋಗುವುದು ಕತ್ತರಿಸುವುದರಲ್ಲಿ ಅಲ್ಲ, ಯಾವುದನ್ನು ಹಿಡಿದುಕೊಂಡು ಕತ್ತರಿಸಬೇಕು ಎಂಬುದರಲ್ಲಿ. ಸೆಲೆಕ್ಷನ್ ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಕೆಲಸ: ಕಂಟ್ರೋಲ್ ಎ ಒತ್ತಿ ಎಲ್ಲ ಐಟಂಗಳನ್ನೂ (ಟ್ರ್ಯಾಕಿನ ಮೇಲಿರುವ ರೆಕಾರ್ಡಿಂಗ್ ತುಂಡುಗಳನ್ನು) ಆರಿಸಿ, ಜಿ ಒತ್ತಿ ಗ್ರೂಪ್ ಮಾಡಿ. ಇಷ್ಟು ಮಾಡದೆ ಒಂದು ಕತ್ತರಿಯನ್ನೂ ಹಾಕಬೇಡಿ. ಯಾಕೆ ಗೊತ್ತಾ? ತಾಳಮದ್ದಳೆಯಲ್ಲಿ ಎಲ್ಲರೂ ಒಂದೇ ವೇದಿಕೆಯಲ್ಲಿ ಹತ್ತಿರ ಹತ್ತಿರ ಕೂತಿರುತ್ತಾರೆ. ಚೆಂಡೆಯ ಪೆಟ್ಟು ಚೆಂಡೆಯ ಮೈಕಿನಲ್ಲಿ ಮಾತ್ರ ಇರುವುದಿಲ್ಲ. ಹಾಡುವ ಭಾಗವತರ ಮೈಕಿನಲ್ಲೂ ಇರುತ್ತದೆ, ಪಾತ್ರಗಳ ಮಾತು ಆಡುವ ಅರ್ಥಧಾರಿಗಳ ಮೈಕಿನಲ್ಲೂ ಇರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಎರಡು ಮೀಟರ್ ಆಚೆಯ ಮೈಕಿಗೆ ತಲುಪಲು ಸುಮಾರು 6 ಮಿಲಿಸೆಕೆಂಡ್ ಬೇಕು. ಆ ಚಿಕ್ಕ ಅಂತರ ಕಿವಿಗೆ ಸಹಜ. ಆದರೆ ಒಂದು ಟ್ರ್ಯಾಕ್ ಮಾತ್ರ ಚೂರು ಜರುಗಿದರೂ ಚೆಂಡೆ ಎರಡು ಸಲ ಬಡಿದ ಹಾಗೆ, ಇಲ್ಲವೇ ಡಬ್ಬದೊಳಗೆ ಬಡಿದ ಹಾಗೆ ಕೇಳುತ್ತದೆ. ಒಮ್ಮೆ ನನ್ನ ಪ್ರಾಜೆಕ್ಟಿನಲ್ಲಿ ಇದೇ ಆಯಿತು. 20ನೇ ನಿಮಿಷದಿಂದ ಮುಂದೆ ಭಾಗವತರ ಟ್ರ್ಯಾಕು ಮದ್ದಳೆಗಿಂತ ಅರ್ಧ ಸೆಕೆಂಡ್ ಮುಂದೆ ಹೋಗಿತ್ತು. ಗಮನಕ್ಕೆ ಬಂದದ್ದು ಎರಡು ದಿನದ ಕೆಲಸ ಆದ ಮೇಲೆ. ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಅಂದಿನಿಂದ ಗ್ರೂಪ್ ಮಾಡದೆ ಶುರು ಮಾಡಿಲ್ಲ.

ಈಗ ಕತ್ತರಿಸಬೇಡಿ, ಸುಮ್ನೆ ಕೇಳಿ. ಕೇಳುತ್ತಾ ಹೋದಂತೆ ಬೇಡದ ಸದ್ದು ಬಂದಲ್ಲಿ ಎಂ ಒತ್ತಿ. ಪ್ಲೇ ನಿಲ್ಲುವುದಿಲ್ಲ, ಮಾರ್ಕರ್ ಬೀಳುತ್ತದೆ. ಪ್ರಸಂಗ ಮುಗಿಯುವ ಹೊತ್ತಿಗೆ ನಲವತ್ತೋ ಐವತ್ತೋ ಮಾರ್ಕರ್ ಇರುತ್ತವೆ. ಆಮೇಲೆ [ ಮತ್ತು ] ಕೀಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡು ಹೋಗಬಹುದು. ಮೌಸ್ ಹಿಡಿದು ಮೂರು ಗಂಟೆಯನ್ನು ಅತ್ತ ಇತ್ತ ಎಳೆದಾಡುವ ಕೆಲಸವೇ ಇಲ್ಲ. ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಇದೊಂದೇ ಅಭ್ಯಾಸ.

ಒಂದು ತುಂಡು ಪೂರ್ತಿ ತೆಗೆಯಬೇಕು ಅನ್ನಿ. ನಡುವೆ ಮೈಕ್ ಕೆಟ್ಟು ಎರಡು ನಿಮಿಷ ಎಲ್ಲರೂ ಕಾದು ಕೂತಿರುತ್ತಾರಲ್ವಾ, ಅಂಥದ್ದು. ಮೇಲಿನ ರೂಲರ್ ಮೇಲೆ ಎಳೆದು ಟೈಮ್ ಸೆಲೆಕ್ಷನ್ ಮಾಡಿ. ಟೂಲ್‌ಬಾರಿನ ರಿಪಲ್ ಬಟನ್ (ಒಂದು ತುಂಡು ತೆಗೆದಾಗ ಅದರ ನಂತರದ್ದನ್ನು ತಾನೇ ಜರುಗಿಸುವುದು) ಅನ್ನು 'ಎಲ್ಲ ಟ್ರ್ಯಾಕ್' ಸ್ಥಿತಿಗೆ ತನ್ನಿ. 'ಒಂದೇ ಟ್ರ್ಯಾಕ್' ಸ್ಥಿತಿಯೂ ಅದೇ ಬಟನ್ನಿನಲ್ಲಿದೆ. ನನ್ನ ಎರಡು ದಿನ ಹಾಳಾದದ್ದು ಅದರಿಂದಲೇ, ಹಾಗಾಗಿ ಬಟನ್ ಕಡೆ ಎರಡು ಸಲ ನೋಡಿ. ಶಿಫ್ಟ್ ಎಸ್ ಒತ್ತಿದರೆ ಸೆಲೆಕ್ಷನ್ನಿನ ಎರಡೂ ತುದಿಯಲ್ಲಿ ಎಲ್ಲ ಟ್ರ್ಯಾಕೂ ತುಂಡಾಗುತ್ತದೆ. ನಡುವಿನದನ್ನು ಆರಿಸಿ ಡಿಲೀಟ್ ಮಾಡಿದರೆ ಹಿಂದಿನದೆಲ್ಲ ಮುಂದೆ ಬಂದು ಕೂಡಿಕೊಳ್ಳುತ್ತದೆ, ಮಾರ್ಕರ್‌ಗಳ ಸಮೇತ.

ಕೂಡಿದ ಜಾಗವನ್ನು ಹೆಡ್‌ಫೋನಿನಲ್ಲಿ ಕೇಳಿ. ಸಭಾಂಗಣದ ಫ್ಯಾನಿನ ಗುಂಯ್ ಎನ್ನುವ ಸದ್ದು ಅಲ್ಲಿ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ತುಂಡುಗಳು ಅಂಚಿಗೆ ಅಂಚು ತಾಗಿರುವುದರಿಂದ ಹೀಗಾಗುತ್ತದೆ. ಎಡಗಡೆಯ ತುಂಡಿನ ಬಲ ತುದಿಯನ್ನು ಸ್ವಲ್ಪ ಎಳೆದು ಇನ್ನೊಂದರ ಮೇಲೆ ಹತ್ತಿಸಿ, ಕ್ರಾಸ್‌ಫೇಡ್ ಆಗುತ್ತದೆ, ಅಂದರೆ ಒಂದರ ಸದ್ದು ಇಳಿಯುತ್ತಾ ಇನ್ನೊಂದರದು ಏರುತ್ತದೆ. ಮಾತಿನ ನಡುವೆಯಾದರೆ 20–30 ಮಿಲಿಸೆಕೆಂಡ್ ಸಾಕು. ಚೆಂಡೆಯ ಪೆಟ್ಟಿನ ಅನುರಣನೆ ಇನ್ನೂ ಇರುವಾಗ ಮಾತ್ರ ಕತ್ತರಿ ಹಾಕಬೇಡಿ, ಅದನ್ನು ಎಷ್ಟು ಕ್ರಾಸ್‌ಫೇಡ್ ಕೊಟ್ಟರೂ ಮುಚ್ಚಲಾಗದು.

ಒಂದೇ ಮೈಕಿನಲ್ಲಿ ಬಂದ ಸಣ್ಣ ಸದ್ದಿಗೆ, ಅಂದರೆ ಶಾಲು ತಾಗಿದ್ದು, ಬೆರಳು ತಟ್ಟಿದ್ದು ಇಂಥದ್ದಕ್ಕೆ, ಗ್ರೂಪಿಂಗ್ ಮತ್ತು ರಿಪಲ್ ಎರಡನ್ನೂ ಟೂಲ್‌ಬಾರಿನಲ್ಲಿ ಆಫ್ ಮಾಡಿಕೊಳ್ಳಿ. ವಿಂಡೋಸ್‌ನಲ್ಲಾದರೆ ಆಲ್ಟ್ ಒತ್ತಿ ಮೌಸಿನ ಬಲ ಬಟನ್ನಿನಿಂದ ಎಳೆದರೆ ರೇಜರ್ ಎಡಿಟ್. ಎಳೆದಷ್ಟು ಜಾಗ ಗುರುತಾಗುತ್ತದೆ, ಡಿಲೀಟ್ ಒತ್ತಿದರೆ ಹೋಗುತ್ತದೆ. ತುಂಡು ಮಾಡು, ಆರಿಸು, ಅಳಿಸು ಎಂಬ ಮೂರು ಹೆಜ್ಜೆ ಒಂದಾಯಿತು.

ಮೌನವನ್ನು ತಾನೇ ಹುಡುಕಿ ಕತ್ತರಿಸುವ ಡೈನಮಿಕ್ ಸ್ಪ್ಲಿಟ್ ಕೂಡ ಇದೆ, ಕೆಲವರು ನಿಮಗೆ ಅದನ್ನೇ ಹೇಳಬಹುದು. ಪಾಡ್‌ಕಾಸ್ಟಿಗೆ ಚೆನ್ನಾಗಿದೆ. ತಾಳಮದ್ದಳೆಗೆ ದಯವಿಟ್ಟು ಬೇಡ. ಎದುರಾಳಿಯ ಮಾತು ಮುಗಿದ ಮೇಲೆ ಅರ್ಥಧಾರಿ ಮೂರು ಸೆಕೆಂಡ್ ಸುಮ್ಮನಿದ್ದು ಉತ್ತರ ಕೊಡುತ್ತಾರಲ್ಲ, ಸಭೆ ಉಸಿರು ಹಿಡಿದು ಕಾಯುವುದು ಆ ಮೂರು ಸೆಕೆಂಡಿಗೆ. ಬರೆದಿಟ್ಟ ಮಾತಲ್ಲ ಅದು, ಅಲ್ಲೇ ಹುಟ್ಟುವ ಮಾತು. ಆ ಮೌನವೂ ಅರ್ಥಗಾರಿಕೆಯೇ. ಸಾಫ್ಟ್‌ವೇರಿಗೆ ಅದು ಖಾಲಿ ಜಾಗ.

ಮಿಕ್ಸಿಂಗ್‌ಗೆ ಬಂದರೆ, ಟ್ರ್ಯಾಕುಗಳನ್ನು ಎರಡು ಫೋಲ್ಡರ್ ಮಾಡಿ: ಹಿಮ್ಮೇಳ (ಭಾಗವತರು, ಮದ್ದಳೆ, ಚೆಂಡೆ) ಒಂದು, ಅರ್ಥ (ಅರ್ಥಧಾರಿಗಳ ಮಾತು) ಒಂದು. ಅರ್ಥದ ಫೋಲ್ಡರಿಗೆ ಒಂದೇ ಈಕ್ಯೂ (ದಪ್ಪ-ತೆಳು ಸ್ವರಗಳನ್ನು ಏರಿಳಿಸುವುದು), ಒಂದೇ ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವುದು) ಸಾಕು. 80 ಹರ್ಟ್ಸ್‌ನ ಕೆಳಗಿನದನ್ನು ತೆಗೆದರೆ ವೇದಿಕೆಯ ಗುಡುಗುಡು ಹೋಗುತ್ತದೆ. ಹಿಮ್ಮೇಳಕ್ಕೆ ಇದನ್ನೇ ಹಾಕಬೇಡಿ, ಮದ್ದಳೆಯ ತೂಕ ಹೋಗಿಬಿಡುತ್ತದೆ. ಇಬ್ಬರು ಅರ್ಥಧಾರಿಗಳನ್ನು ಒಟ್ಟಿಗೆ ಏರಿಸಬೇಕಿದ್ದರೆ ಕಂಟ್ರೋಲ್ ಒತ್ತಿ ಎರಡೂ ಟ್ರ್ಯಾಕ್ ಆರಿಸಿ, ಒಂದರ ಫೇಡರ್ (ವಾಲ್ಯೂಮಿನ ಗುಂಡಿ) ಸರಿಸಿ. ಇನ್ನೊಂದೂ ಅಷ್ಟೇ ಸರಿಯುತ್ತದೆ.

ಒಬ್ಬರು ದೀರ್ಘವಾಗಿ ಮಾತಾಡುವಾಗ ಉಳಿದವರ ಮೈಕುಗಳನ್ನು ಏನು ಮಾಡುವುದು? ಪೂರ್ತಿ ಮ್ಯೂಟ್ ಮಾಡಿದರೆ ಸಭಾಂಗಣವೇ ಮಾಯವಾದಂತೆ ಕೇಳುತ್ತದೆ. ನಾನು 8 ಡಿಬಿಯಷ್ಟು (ಡೆಸಿಬೆಲ್) ಇಳಿಸುತ್ತೇನೆ. ಗ್ರೂಪಿಂಗ್ ಆಫ್ ಇರಲಿ. ಆ ಭಾಗವನ್ನು ಟೈಮ್ ಸೆಲೆಕ್ಷನ್ ಮಾಡಿ ಶಿಫ್ಟ್ ಎಸ್, ಆಮೇಲೆ ಬಲ ಬಟನ್ನಿನಿಂದ ಬಲೆ ಬೀಸಿದ ಹಾಗೆ ಎಳೆದು ಸುಮ್ಮನಿರುವವರ ತುಂಡುಗಳನ್ನಷ್ಟೇ ಹಿಡಿಯಿರಿ. ಪ್ರಶ್ನೆ ಗುರುತಿನ ಕೀ ಒತ್ತಿದರೆ ಆಕ್ಷನ್ ಪಟ್ಟಿ, ಅಂದರೆ ರೀಪರ್‌ನ ಆಜ್ಞೆಗಳ ಪಟ್ಟಿ, ತೆರೆಯುತ್ತದೆ. ಅದರಲ್ಲಿ ಐಟಂ ವಾಲ್ಯೂಮನ್ನು 1 ಡಿಬಿ ಇಳಿಸುವ ಆಕ್ಷನ್ ಇದೆ. ಕಸ್ಟಮ್ ಆಕ್ಷನ್ ಒಂದನ್ನು ಮಾಡಿ ಅದನ್ನು ಎಂಟು ಸಲ ಸೇರಿಸಿ, ನಿಮಗಿಷ್ಟದ ಕೀ ಕೊಡಿ. ಇನ್ನು ಮುಂದೆ ಅದು ಒಂದೇ ಒತ್ತು.

ನಿಮ್ಮಲ್ಲಿ ತಿಂಗಳಿಗೆ ನಾಲ್ಕು ಕೂಟ ರೆಕಾರ್ಡ್ ಆಗುತ್ತದೆ ಅಂದಿದ್ದೀರಿ. ಹಾಗಾದರೆ ಮೊದಲನೆಯದು ಮುಗಿದ ತಕ್ಷಣ ಎಲ್ಲ ಟ್ರ್ಯಾಕ್ ಆರಿಸಿ, ಬಲ ಕ್ಲಿಕ್ ಮಾಡಿ, ಟ್ರ್ಯಾಕ್ ಟೆಂಪ್ಲೇಟ್ ಆಗಿ ಸೇವ್ ಮಾಡಿಬಿಡಿ. ಹೆಸರು, ಬಣ್ಣ, ಫೋಲ್ಡರ್, ಎಫೆಕ್ಟ್ ಎಲ್ಲ ಅದರಲ್ಲಿ ಕೂತಿರುತ್ತವೆ. ಮುಂದಿನ ಕೂಟದಲ್ಲಿ ಮೈಕುಗಳನ್ನೂ ಅದೇ ಕ್ರಮದಲ್ಲಿ ಇಡಿ: ಭಾಗವತರು ಒಂದು, ಮದ್ದಳೆ ಎರಡು, ಚೆಂಡೆ ಮೂರು.