ಯಾವ ನರಕೋಶ ಯಾವುದಕ್ಕೆ ಜೋಡಣೆ?

ಪ್ರಶ್ನೆ: ಮೆದುಳಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ತಳದಲ್ಲಿರುವ ಪುಟಾಣಿ ಎಲೆಕ್ಟ್ರೋಡ್‌ಗಳಿಂದ ಯಾವ ಕೋಶ ಯಾವುದಕ್ಕೆ ಜೋಡಣೆಯಾಗಿದೆ ಎಂದು ಪತ್ತೆ ಮಾಡುತ್ತಾರಂತೆ. ಎಲೆಕ್ಟ್ರೋಡ್‌ಗೆ ಜೋಡಣೆ ಹೇಗೆ ಕಾಣುತ್ತದೆ? ಈ ಕೆಲಸಕ್ಕೆ ಬಯಾಲಜಿ ಓದಿದರೆ ಸಾಕಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಕಾಣುವುದೇ ಇಲ್ಲ! ಹತ್ತಿರದ ಕೋಶ ಯಾವ ಕ್ಷಣ ಮಿಡಿಯಿತು, ಅಂದರೆ ವಿದ್ಯುತ್ ಸಂಕೇತ ಹೊರಡಿಸಿತು ಎಂಬುದಷ್ಟೇ ಎಲೆಕ್ಟ್ರೋಡ್‌ಗೆ ಸಿಗುವ ಸುದ್ದಿ. ಜೋಡಣೆ ಇದೆ ಅನ್ನುವುದು ನಮ್ಮ ಊಹೆ.

ಪಿಎಚ್‌ಡಿ ಮಾಡುವಾಗ ನಾನು ಬಳಸುತ್ತಿದ್ದ ತಟ್ಟೆ ಅಂಗೈಗಿಂತ ಚಿಕ್ಕದು. ನಡುವೆ 60 ಎಲೆಕ್ಟ್ರೋಡ್. ಒಂದೊಂದರ ಅಗಲ 30 ಮೈಕ್ರೋಮೀಟರ್, ಒಂದರಿಂದ ಇನ್ನೊಂದಕ್ಕೆ 200 ಮೈಕ್ರೋಮೀಟರ್ ದೂರ. ಅಷ್ಟೂ ಸೇರಿ ಒಂದೂವರೆ ಮಿಲಿಮೀಟರ್ ಜಾಗದೊಳಗೆ! ಕೋಶಗಳು ಅಂಟಿಕೊಳ್ಳಲೆಂದು ಅದಕ್ಕೆ ಪಾಲಿಲೈಸಿನ್ ಬಳಿದು, ಇಲಿಯ ಭ್ರೂಣದ ಮೆದುಳಿನ ಕೋಶಗಳನ್ನು ಬಿಡಿಬಿಡಿ ಮಾಡಿ ಹಾಕಿ, 37 ಡಿಗ್ರಿ ಶಾಖದಲ್ಲಿ ಇಡುತ್ತಿದ್ದೆವು. ಮೊದಲು ಸ್ಕ್ರೀನ್ ಖಾಲಿ. ಸುಮಾರು ವಾರದ ಮೇಲೆ ಅಲ್ಲೊಂದು ಇಲ್ಲೊಂದು ಸ್ಪೈಕ್, ಅಂದರೆ ಕೋಶದ ಒಂದು ಮಿಡಿತ. ಆಮೇಲೆ ಇಡೀ ತಟ್ಟೆ ಒಮ್ಮೆಲೇ ಸಿಡಿಯುತ್ತದೆ, ಸುಮ್ಮನಾಗುತ್ತದೆ, ಮತ್ತೆ ಸಿಡಿಯುತ್ತದೆ. ಇದಕ್ಕೆ ಬರ್ಸ್ಟ್ ಎನ್ನುತ್ತೇವೆ. ಸ್ಪೈಕ್ ಅಂದರೂ ಹತ್ತಾರು ಮೈಕ್ರೋವೋಲ್ಟ್ ಅಷ್ಟೇ. ಗೋಡೆಯ ವೈರಿನ 50 ಹರ್ಟ್ಜ್ ಗದ್ದಲ ಅದನ್ನು ನುಂಗಿಬಿಡುತ್ತದೆ. ಆ ಗದ್ದಲದ ಜತೆ ಜಗಳವಾಡುವುದೇ ನನ್ನ ಬೆಳಗಿನ ಕೆಲಸವಾಗಿತ್ತು.

ಈಗ ತಕರಾರಿನ ವಿಷಯ. 12ನೇ ಎಲೆಕ್ಟ್ರೋಡ್ ಮಿಡಿದಾಗೆಲ್ಲ ಸ್ವಲ್ಪ ಹೊತ್ತಿಗೆ 35ನೆಯದೂ ಮಿಡಿಯುತ್ತದೆ ಅನ್ನಿ. ಅಷ್ಟರಿಂದಲೇ ಎರಡೂ ಜೋಡಣೆಯಾಗಿವೆ ಎನ್ನಬಹುದಾ? ಎದುರು ಮನೆಗೂ ನಿಮ್ಮ ಮನೆಗೂ ಒಟ್ಟಿಗೆ ಕರೆಂಟ್ ಹೋದರೆ ಎರಡೂ ಮನೆ ನಡುವೆ ವೈರ್ ಇದೆ ಎಂದಲ್ಲ, ಟ್ರಾನ್ಸ್‌ಫಾರ್ಮರ್ ಒಂದೇ ಇದ್ದರೂ ಸಾಕು. ಹಾಗೆಯೇ, ನಮಗೆ ಕಾಣದ ಮೂರನೆಯ ಕೋಶವೊಂದು ಎರಡನ್ನೂ ಎಬ್ಬಿಸುತ್ತಿರಬಹುದು. 60 ಕಿವಿಗಳ ನಡುವೆ ಸಾವಿರಾರು ಕೋಶಗಳಿವೆ, ನೆನಪಿಡಿ.

ಹಾಗಾಗಿ ಕೇಳುತ್ತಾ ಕೂತರೆ ಆಗುವುದಿಲ್ಲ, ಕೆಣಕಬೇಕು. 12ನೆಯದಕ್ಕೆ ಸಣ್ಣ ವಿದ್ಯುತ್ ಕೊಟ್ಟು 35ರಲ್ಲಿ ಉತ್ತರ ಬರುತ್ತದಾ ನೋಡುತ್ತೇವೆ. ಒಂದೆರಡು ಮಿಲಿಸೆಕೆಂಡಿನಲ್ಲಿ, ಪ್ರತಿ ಸಲವೂ ಕರಾರುವಾಕ್ಕಾಗಿ ಬಂದರೆ ಬಹುಶಃ ಒಂದೇ ಕೋಶದ ಉದ್ದನೆಯ ಬಾಲ, ಅಂದರೆ ಆಕ್ಸಾನ್, ಅಲ್ಲಿಯವರೆಗೂ ಚಾಚಿದೆ. ತಡವಾಗಿ, ಸಮಯ ಸ್ವಲ್ಪ ಹಿಂದೆಮುಂದೆ ಆಗುತ್ತಾ ಬಂದರೆ ನಡುವೆ ಸಿನಾಪ್ಸ್, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಕೂಡುತಾಣ, ಇರಬೇಕು. ಖಾತ್ರಿಗೆ ಸಿಎನ್‌ಕ್ಯೂಎಕ್ಸ್ ಮತ್ತು ಎಪಿ5 ಎಂಬ ರಾಸಾಯನಿಕಗಳನ್ನು ಹಾಕಿ, ಗ್ಲುಟಮೇಟ್ ಎಂಬ ವಸ್ತು ಸಿನಾಪ್ಸ್‌ಗಳಲ್ಲಿ ಒಯ್ಯುವ ಸಂದೇಶವನ್ನು ತಡೆಯುತ್ತೇವೆ. ಆಗಲೂ ಉಳಿದ ಉತ್ತರ ನೇರ ಆಕ್ಸಾನಿನದು. ಬರ್ಸ್ಟ್‌ಗಳಂತೂ ನಿಂತೇ ಹೋಗುತ್ತವೆ.

ಮಿಡಿತದ ಸಮಯ ನೋಡಿ ಜೋಡಣೆ ಹುಡುಕುವವರು ನಾವಷ್ಟೇ ಅಲ್ಲ, ಮೆದುಳೂ ಹಾಗೆ ಮಾಡುತ್ತದಂತೆ. 1991ರಲ್ಲಿ ನರವಿಜ್ಞಾನಿಗಳಾದ ಮಾರ್ಕಸ್ ಮೈಸ್ಟರ್, ಕಾರ್ಲಾ ಶಾಟ್ಜ್ ಮತ್ತು ಸಂಗಡಿಗರು ಇನ್ನೂ ಕಣ್ಣು ಬಿಡದ ಫೆರೆಟ್ (ಮುಂಗುಸಿಯಂತೆ ಕಾಣುವ ಪ್ರಾಣಿ) ಮರಿಗಳ ರೆಟಿನಾವನ್ನು, ಅಂದರೆ ಕಣ್ಣಿನ ಹಿಂಭಾಗದ ಪರದೆಯನ್ನು, ಇಂಥ ಎಲೆಕ್ಟ್ರೋಡ್‌ಗಳ ಮೇಲಿಟ್ಟರು. ಬೆಳಕೇ ಕಾಣದ ರೆಟಿನಾದಲ್ಲಿ ಮಿಡಿತದ ಅಲೆಗಳು ಹರಿಯುತ್ತಿದ್ದವು, ಅಕ್ಕಪಕ್ಕದ ಕೋಶಗಳು ಒಟ್ಟಿಗೆ ಮಿಡಿಯುತ್ತಿದ್ದವು. ಯಾರು ಯಾರ ನೆರೆಯವರು ಎಂಬ ಸುಳಿವು ಮೆದುಳಿಗೆ ಹೀಗೇ ಸಿಗುತ್ತದೆ ಎಂಬುದು ಅವರ ವಾದ. ನನಗಂತೂ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಕಂಡಿಲ್ಲ.

ಬಯಾಲಜಿ ಒಂದೇ ಸಾಲದು. 1980ರಲ್ಲಿ ತಟ್ಟೆಯಲ್ಲಿ ಬೆಳೆಸಿದ ಬಿಡಿ ನರಕೋಶಗಳ ಮಿಡಿತವನ್ನು ಇಂಥ ಎಲೆಕ್ಟ್ರೋಡ್‌ಗಳಿಂದ ದಾಖಲಿಸಿದ ಜೆರೋಮ್ ಪೈನ್ ಮೂಲತಃ ಭೌತವಿಜ್ಞಾನಿ. ಗಣಿತ ಬಿಡಬೇಡಿ. ಕೋಶ ಸಾಕುವುದಕ್ಕಿಂತ ಸ್ಪೈಕ್‌ಗಳ ಲೆಕ್ಕಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.