ಆ ಹೆಂಗಸರು ಐದನೇ ಪುಟದವರೆಗೆ ಯಾಕೆ ಕಾಯಬೇಕು?

ಆತ್ಮೀಯರೇ, ನಮಸ್ಕಾರ.

ಅಟ್ಲಾಂಟಾದಿಂದ ನೀವು ಕಳಿಸಿದ ಲೇಖನ ಓದಿದೆ. ಆಫೀಸು ಮುಗಿಸಿಕೊಂಡು ನೀವು ಬೆಲ್ಲಿ ಡ್ಯಾನ್ಸ್, ಅಂದರೆ ಸೊಂಟ, ಹೊಟ್ಟೆ ಆಡಿಸುವ ಅರಬ್ ಕುಣಿತದ ಕ್ಲಾಸಿಗೆ ಹೋಗುತ್ತೀರಿ. ಅಲ್ಲಿ ಕಲಿಸುವವರು ಕಪ್ಪು ಅಮೆರಿಕನ್ ಹೆಂಗಸು, ಕಲಿಯುವವರಲ್ಲೂ ಜಾಸ್ತಿ ಜನ ಕಪ್ಪು ಹೆಂಗಸರೇ. ಆ ಗುಂಪಿನಲ್ಲಿ ನೀವು ಕಂಡದ್ದನ್ನು ಬರೆದಿದ್ದೀರಿ. ಕನ್ನಡದಲ್ಲಿ ಇದನ್ನು ಹತ್ತಿರದಿಂದ ನೋಡಿ ಬರೆದವರು ಕಡಿಮೆ. ಅದಕ್ಕೇ ಈಗಿರುವ ಹಾಗೆ ಅಚ್ಚು ಹಾಕಲು ನನಗೆ ಮನಸ್ಸಿಲ್ಲ. ನೀವು ಇನ್ನೊಮ್ಮೆ ಬರೆಯಬೇಕು.

ಆ ಹೆಂಗಸರು ನಿಮ್ಮ ಲೇಖನಕ್ಕೆ ಬರುವುದು ಐದನೇ ಪುಟದಲ್ಲಿ. ಅಲ್ಲಿಯವರೆಗೆ ಫರೋಗಳು, ಗುಡಿಗಳು, ಫಲ ಕೊಡುವ ದೇವತೆಗಳು. ಈ ಕುಣಿತ ಪುರಾತನ ದೇವಾಲಯದಿಂದ ನೇರವಾಗಿ ಇಳಿದು ಬಂತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಈಜಿಪ್ಟಿನ ಮನೆಗಳಲ್ಲಿ, ಮದುವೆಗಳಲ್ಲಿ ಜನ ತಮ್ಮ ಖುಷಿಗೆ ಕುಣಿಯುತ್ತಿದ್ದರು, ಈಗಲೂ ಕುಣಿಯುತ್ತಾರೆ. ಇಂದು ನಾವು ವೇದಿಕೆ ಮೇಲೆ ನೋಡುವ ರೂಪ ಬಹುಪಾಲು ಕೈರೋದ ಕ್ಲಬ್ಬುಗಳಲ್ಲಿ ಬೆಳೆಯಿತು. ನರ್ತಕಿ ಬದಿಯಾ ಮಸಾಬ್ನಿ 1926ರಲ್ಲಿ ಅಲ್ಲಿ ತಮ್ಮ ಕ್ಲಬ್ ತೆರೆದರು. ಹೆಸರಾಂತ ನರ್ತಕಿಯರಾದ ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಇಬ್ಬರೂ ಆ ವೇದಿಕೆಯಿಂದಲೇ ಸಿನಿಮಾಕ್ಕೆ ಹೋದವರು. ಇಷ್ಟು ಒಂದು ಪ್ಯಾರಾದಲ್ಲಿ ಮುಗಿಯುತ್ತದೆ.

ಇತಿಹಾಸ ಹೇಳಲೇಬೇಕು ಅನಿಸಿದರೆ 1893ರ ಶಿಕಾಗೋಗೆ ಹೋಗಿ. ಅಲ್ಲಿನ ದೊಡ್ಡ ವಿಶ್ವ ಮೇಳದಲ್ಲಿ ‘ಕೈರೋ ಬೀದಿ’ ಅಂತ ಒಂದು ಭಾಗ ಕಟ್ಟಿದ್ದರು. ಅಮೆರಿಕದ ಸಾಮಾನ್ಯ ಜನ ಈ ಕುಣಿತಕ್ಕೆ ಮುಗಿಬಿದ್ದದ್ದು ಅಲ್ಲಿ. ಅದೇ ಮೇಳದಲ್ಲಿ ಕಪ್ಪು ಅಮೆರಿಕನ್ನರ ಸಾಧನೆಗೆ ಸರಿಯಾದ ಜಾಗ ಕೊಡಲಿಲ್ಲ. ಪಶ್ಚಿಮ ಆಫ್ರಿಕಾದ ದಹೋಮಿಯ ಜನರನ್ನು ಮಾತ್ರ ಒಂದು ‘ಹಳ್ಳಿ’ ಕಟ್ಟಿ ಪ್ರದರ್ಶನಕ್ಕೆ ಕೂರಿಸಿದ್ದರು. ಇದನ್ನು ಪ್ರಶ್ನಿಸಿ ಕಪ್ಪು ಅಮೆರಿಕನ್ ಹೋರಾಟಗಾರರಾದ ಐಡಾ ಬಿ. ವೆಲ್ಸ್, ಫ್ರೆಡರಿಕ್ ಡಗ್ಲಾಸ್ ಮತ್ತು ಅವರ ಜೊತೆಗಾರರು ಒಂದು ಕಿರುಹೊತ್ತಗೆ ಅಚ್ಚು ಹಾಕಿ, ಹೈಟಿ ದೇಶದ ಮಂಟಪದಿಂದ ಹಂಚಿದರು. ಈ ಕುಣಿತ ಅಮೆರಿಕದಲ್ಲಿ ಹೆಸರು ಮಾಡಿದ ಮೇಳದಲ್ಲೇ ಕಪ್ಪು ಜನ ನಮಗೆಲ್ಲಿ ಜಾಗ ಅಂತ ಕೇಳುತ್ತಿದ್ದರು. ನಿಮ್ಮ ಟೀಚರ್ ಇವತ್ತು ಅದೇ ಕುಣಿತವನ್ನು ಕಲಿಸುತ್ತಿದ್ದಾರೆ. ನನಗೆ ಇದನ್ನು ಓದುವ ಆಸೆ ಇದೆ.

ಈಗ ನನ್ನ ಮುಖ್ಯ ತಕರಾರು. ಏಳನೇ ಪುಟದಲ್ಲಿ ಬರೆದಿದ್ದೀರಿ: “ಲಯ ಅವರ ರಕ್ತದಲ್ಲೇ ಇದೆ.” ಮುಂದೆ ಮೈಬಣ್ಣಕ್ಕೆ ಚಾಕೊಲೇಟು, ಕಾಫಿ ಅಂತ ಉಪಮೆ ಕೊಟ್ಟಿದ್ದೀರಿ. ಪ್ರೀತಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೂ ಎರಡನ್ನೂ ತೆಗೆಯಿರಿ. ಕಪ್ಪು ಜನರಿಗೆ ಕುಣಿತ ಹುಟ್ಟಿನಿಂದ ಬರುತ್ತದೆ ಅನ್ನುವ ಮಾತನ್ನು ಬಿಳಿಯರು ಗುಲಾಮಗಿರಿಯ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಅದು ಹೊಗಳಿಕೆಯಂತೆ ಕಂಡರೂ ಅವರ ದುಡಿಮೆಯನ್ನು ಅಳಿಸಿಹಾಕುತ್ತದೆ. ನೀವೇ ಬರೆದಿದ್ದೀರಲ್ಲ: ಟೀಚರ್ ಬೆರಳಿಗೆ ತಾಳ ಕಟ್ಟಿಕೊಂಡು ಮಕ್ಸೂಮ್ ಲಯ ಬಾರಿಸುತ್ತಾ, ಸೊಂಟದಲ್ಲಿ ಬೇರೊಂದು ವೇಗ ಹಿಡಿದು ನಡೆಯುತ್ತಾರೆ ಅಂತ. ಕೈ ತಪ್ಪಿದಾಗ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ ಅಂತಲೂ ಬರೆದಿದ್ದೀರಿ. ಅದು ವರ್ಷಗಟ್ಟಲೆ ಮಾಡಿದ ಅಭ್ಯಾಸ. ಅವರು ಯಾರ ಹತ್ತಿರ ಕಲಿತರು? ಫೀಸು ಹೇಗೆ ಹೊಂದಿಸಿದರು? ಮೊದಲ ಕ್ಲಾಸಿನಲ್ಲಿ ಅವರೊಬ್ಬರೇ ಕಪ್ಪು ಹೆಂಗಸಾಗಿದ್ದರಾ? ಕೇಳಿ, ಬರೆಯಿರಿ.

ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಜಾಲರಿ ಬಟ್ಟೆಯದು. ಹೊಟ್ಟೆಯ ಮೇಲೆ ಹಾಕುವ ಆ ತೆಳು ಬಟ್ಟೆ ಅಂಗಡಿಯಲ್ಲಿ ಬಿಳಿ ಮೈಗೆ ಹೊಂದುವ ಬಣ್ಣದಲ್ಲೇ ಸಿಕ್ಕಿತು. ನಿಮ್ಮ ಗೆಳತಿ ಅದನ್ನು ಅಡುಗೆಮನೆಯಲ್ಲಿ ಚಹಾ ಡಿಕಾಕ್ಷನ್‌ಗೆ ಅದ್ದಿ ತನ್ನ ಬಣ್ಣಕ್ಕೆ ತಂದರು. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಓಡಿಬಿಟ್ಟಿದ್ದೀರಿ. ಇಲ್ಲಿ ನಿಲ್ಲಿ! ಬ್ಯಾಲೆಯಲ್ಲೂ ಹೀಗೇ ಆಗಿದೆ. 1969ರಲ್ಲಿ ಶುರುವಾದ, ಕಪ್ಪು ಕಲಾವಿದರ ಬ್ಯಾಲೆ ತಂಡ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನ ಕಲಾವಿದೆಯರು ಎಪ್ಪತ್ತರ ದಶಕದಲ್ಲೇ ಕಾಲುಚೀಲ, ಬೂಟುಗಳಿಗೆ ತಮ್ಮ ಮೈಬಣ್ಣ ಹಚ್ಚಿಕೊಳ್ಳಲು ಶುರುಮಾಡಿದರು. ಬ್ರಿಟನ್ನಿನ ಫ್ರೀಡ್ ಕಂಪನಿ ಕಂದು ಬಣ್ಣದ ಬ್ಯಾಲೆ ಬೂಟು ತಂದದ್ದು 2018ರಲ್ಲಿ. ನಡುವೆ ನಲವತ್ತಕ್ಕೂ ಜಾಸ್ತಿ ವರ್ಷ. ‘ಪ್ರಾತಿನಿಧ್ಯ’ದ ಬಗ್ಗೆ ನೀವು ಒಂದೂವರೆ ಪುಟ ಉಪದೇಶ ಬರೆದಿದ್ದೀರಿ. ಆ ಡಿಕಾಕ್ಷನ್ ಪಾತ್ರೆ ಅದೆಲ್ಲವನ್ನೂ ಹೇಳುತ್ತದೆ. ಉಪದೇಶ ಬಿಡಿ.

ಕೂದಲಿನ ವಿಷಯವನ್ನೂ ಬೆಳೆಸಿ. ಕೊಲ್ಲಿ ದೇಶಗಳ ಹೆಂಗಸರ ಖಲೀಜಿ ಕುಣಿತದಲ್ಲಿ ಉದ್ದ ಕೂದಲನ್ನು ಅತ್ತಿಂದಿತ್ತ ಬೀಸುತ್ತಾರೆ. ಸಣ್ಣ ಗುಂಗುರು ಕೂದಲಿನವರು, ಬಿಗಿಯಾಗಿ ಹೆಣೆದುಕೊಂಡವರು ಅದನ್ನು ಹೇಗೆ ಮಾಡುತ್ತಾರೆ? ಕ್ಲಾಸಿನಲ್ಲಿ ಅದಕ್ಕೆ ಏನು ಹೇಳಿಕೊಟ್ಟರು? ನೀವು ಅಲ್ಲೇ ಇದ್ದೀರಲ್ವಾ?

ಒಂದು ಕಷ್ಟದ ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. ಈ ಕುಣಿತ ಯಾರದು? ಈಜಿಪ್ಟ್ ಆಫ್ರಿಕಾದಲ್ಲೇ ಇದೆ, ಹಾಗಾಗಿ ಇವರು ತವರಿಗೆ ಮರಳಿದರು ಅಂತ ಮುಗಿಸಿದ್ದೀರಿ. ಅಷ್ಟು ಸುಲಭವಲ್ಲ. ಈಜಿಪ್ಟಿನಲ್ಲೂ ಬಣ್ಣದ ಮೇಲು ಕೀಳು ಇದೆ. ದಕ್ಷಿಣದ ನೂಬಿಯನ್ನರು ಕಪ್ಪು ಮೈಯವರು. ಹಳೆಯ ಈಜಿಪ್ಟ್ ಸಿನಿಮಾಗಳಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಬಾಗಿಲು ಕಾಯುವವನ, ಮನೆಯಾಳಿನ ಪಾತ್ರ. ಅಸ್ವಾನ್ ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಅವರ ಊರುಗಳೇ ಮುಳುಗಿದವು. ಇನ್ನೊಂದು ಕಡೆ, ತಮ್ಮ ಕುಣಿತವನ್ನು ಹೊರಗಿನವರು ಮಿನುಗು ಬಟ್ಟೆಯ ವೇಷ ಮಾಡಿಬಿಟ್ಟರು ಅನ್ನುವ ನೋವು ಅರಬ್ ಹೆಂಗಸರಲ್ಲಿ ಇದೆ. ನಿಮ್ಮ ಟೀಚರ್ ಇದಕ್ಕೆಲ್ಲ ಏನನ್ನುತ್ತಾರೆ? ಅವರು ಖಂಡಿತ ಯೋಚಿಸಿರುತ್ತಾರೆ. ಅವರ ಉತ್ತರ ನಿಮಗೆ ಹಿಡಿಸದಿದ್ದರೂ ಇರುವ ಹಾಗೇ ಬರೆಯಿರಿ.

ಸ್ಕೂಲ್ ಡೇಯಲ್ಲಿ ಬಣ್ಣ ಕಡಿಮೆ ಅಂತ ನಿಮ್ಮನ್ನು ಹಿಂದಿನ ಸಾಲಿಗೆ ನಿಲ್ಲಿಸಿದ ಮಾತು ಇರಲಿ. ನಮ್ಮ ಓದುಗರಿಗೆ ಅದು ತಾಗುತ್ತದೆ. ಆದರೆ “ನಮ್ಮ ನೋವೂ ಅವರದೂ ಒಂದೇ” ಅನ್ನುವ ಸಾಲು ಬೇಡ. ಅವರ ಹಿಂದೆ ಗುಲಾಮಗಿರಿಯ ಚರಿತ್ರೆ ಇದೆ, ನಮ್ಮ ಹಿಂದೆ ಜಾತಿಯ ಚರಿತ್ರೆ ಇದೆ. ಒಂದರಿಂದ ಇನ್ನೊಂದನ್ನು ಅಳೆಯಬೇಡಿ. ಕೊನೆಯಲ್ಲಿ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ಕುಣಿತವನ್ನು ತುರುಕಿದ್ದೀರಿ. ಅದು ಬೇರೆಯದೇ ಲೇಖನ. ಅಲ್ಲಿಗೆ ಹೋಗಿ, ಅವರ ಜೊತೆ ಕೂತು ಬರೆಯುವುದಾದರೆ ಅದನ್ನೂ ಓದುತ್ತೇನೆ.

ಹಫ್ಲಾ ಅನ್ನುವ ಕುಣಿತದ ಕೂಟದ ರಾತ್ರಿ ಕ್ಲಾಸಿನವರೆಲ್ಲ ಸೇರಿ, ಅಡುಗೆ ತಂದು, ಸರದಿಯಲ್ಲಿ ಕುಣಿದ ಭಾಗದಿಂದಲೇ ಶುರುಮಾಡಿ. ಮೊದಲ ಸಲ ಕುಣಿದ ನರ್ಸ್ ಅಮ್ಮನವರಿಗೆ ಉಳಿದವರು ನಾಲಿಗೆ ಆಡಿಸಿ ಖುಷಿಯಿಂದ ಝಗಾರೀತ್ ಕೂಗು ಹಾಕಿದ್ದು ಅಲ್ಲೇ ಇದೆ. ಒಟ್ಟು 1,500 ಪದ ಸಾಕು. ಬರೆದದ್ದನ್ನು ಕಳಿಸುವ ಮೊದಲು ಆ ಹೆಂಗಸರಿಗೆ ಇಂಗ್ಲಿಷಿನಲ್ಲಿ ಹೇಳಿ ಕೇಳಿಸಿ. ಯಾರಿಗಾದರೂ ತಮ್ಮ ಹೆಸರು, ಫೋಟೊ ಬೇಡ ಅನಿಸಿದರೆ ಅಲ್ಲಿಗೇ ಬಿಡಿ. ಒಪ್ಪಿದವರ ಫೋಟೊಗಳನ್ನು ಮಾತ್ರ ಲೇಖನದ ಜೊತೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕಿ