ಡಿಸೆಂಬರ್ ಕೊನೆಯಲ್ಲಿ ಹತ್ತು ಬೈಕ್‌ಗಳ ಗುಂಪು ಚಿಕ್ಕಬಳ್ಳಾಪುರದ ಕಡೆ ಬರುವುದಾದರೆ ಚಳಿಗೆ ಏನು ಸಿದ್ಧತೆ ಬೇಕು?

ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಯ ಭಾನುವಾರ ಬೆಂಗಳೂರಿನಿಂದ ಹತ್ತು ಬೈಕ್‌ಗಳಲ್ಲಿ ನಸುಕಿನ ನಾಲ್ಕು ಗಂಟೆಗೆ ಹೊರಟು, ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡಿ, ಅಲ್ಲಿಂದ ಗುಡಿಬಂಡೆಯ ಕಡೆ ಹಳ್ಳಿ ರಸ್ತೆಗಳಲ್ಲಿ ಸುತ್ತಿ ಸಂಜೆಯೊಳಗೆ ಮನೆ ಸೇರಬೇಕು, ಗುಂಪಿನಲ್ಲಿ ಮೂವರು ಹೊಸಬರಿದ್ದಾರೆ, ಚಳಿಗೆ ಯಾವ ಜಾಕೆಟ್ ಕೊಳ್ಳುವುದು ಒಳ್ಳೆಯದು. ನಾನು ಚಿಕ್ಕಬಳ್ಳಾಪುರದವನು. ಮಳೆ ನಿಂತು ದಸರಾ ಕಳೆದ ಮೇಲೆ ಶುರುವಾಗುವ ನಮ್ಮ ಗೆಳೆಯರ ಗುಂಪಿನ ಸವಾರಿಗಳು ಸಂಕ್ರಾಂತಿಯ ಒಳಗೆ ಮುಗಿದುಬಿಡುತ್ತವೆ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋದ ಮೇಲೆ ಈ ಬಂಡೆಗಳ ಸೀಮೆಯಲ್ಲಿ ಹೆಲ್ಮೆಟ್ ತೊಟ್ಟು ಹಗಲೆಲ್ಲ ಸುತ್ತುವುದು ಶಿಕ್ಷೆಯೇ ಸರಿ. ಹಾಗಾಗಿ ನೀವು ಹೇಳುವ ಆ ಭಾನುವಾರವೇ ಹೆಚ್ಚುಕಡಿಮೆ ನಮ್ಮ ವರ್ಷದ ಕೊನೆಯ ಸವಾರಿಯ ದಿನವೂ ಆಗಿರುತ್ತದೆ. ಆ ಅನುಭವದಿಂದ ಹೇಳುವುದಾದರೆ, ಬನ್ನಿ, ಖಂಡಿತ ಬನ್ನಿ. ಆದರೆ ನಾಲ್ಕಕ್ಕೆ ಹೊರಡಬೇಡಿ, ಮತ್ತು ಜಾಕೆಟ್‌ಗಿಂತ ಹೆಚ್ಚಾಗಿ ರಾಗಿ ಹುಲ್ಲಿನ ಬಗ್ಗೆ ಯೋಚಿಸಿ.

ಮೊದಲು ಚಳಿಯ ವಿಷಯವನ್ನೇ ಮುಗಿಸುತ್ತೇನೆ. ನಮ್ಮಲ್ಲಿ ಆ ದಿನಗಳ ಮುಂಜಾನೆ ಉಷ್ಣಾಂಶ 12 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ನಿಂತಲ್ಲಿ ಅದು ಹಿತವಾದ ಚಳಿಯೇ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರುಗಾಳಿಯಿಂದ ಮೈಗೆ ಅದು 8 ಡಿಗ್ರಿಯಂತೆ ತಾಗುತ್ತದೆ, ಇಬ್ಬನಿಯಲ್ಲಿ ಕೈಗವಸು ತೊಯ್ದಿದ್ದರೆ ಇನ್ನೂ ಕೆಟ್ಟದಾಗಿ ಕೊರೆಯುತ್ತದೆ. ಮೊದಲು ಸೋಲುವುದು ಎದೆಯಲ್ಲ, ಬೆರಳುಗಳು. ಒಂದು ಗಂಟೆ ಕಳೆಯುವಷ್ಟರಲ್ಲಿ ಕ್ಲಚ್ ಎಷ್ಟು ಹಿಡಿದಿದ್ದೇವೆ, ಬ್ರೇಕ್ ಎಷ್ಟು ಒತ್ತಿದ್ದೇವೆ ಎಂಬ ಅಂದಾಜೇ ಕೈಗೆ ಸಿಗುವುದಿಲ್ಲ. ದುಬಾರಿ ಜಾಕೆಟ್ ಇಲ್ಲದಿದ್ದರೂ ನಡೆಯುತ್ತದೆ. ಸ್ವೆಟರ್‌ನ ಮುಂಭಾಗಕ್ಕೆ ಹಳೆಯ ದಿನಪತ್ರಿಕೆಯ ನಾಲ್ಕು ಹಾಳೆ ಮಡಿಸಿಟ್ಟು, ಮೇಲೆ ಮಳೆಯಂಗಿ ಹಾಕಿಕೊಂಡರೆ ಗಾಳಿ ಒಳಗೆ ನುಗ್ಗುವುದಿಲ್ಲ. ಉಣ್ಣೆಯ ಕೈಗವಸು ಒಂದನ್ನೇ ನಂಬಬೇಡಿ, ಅದರ ನೇಯ್ಗೆಯಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ನಮ್ಮೂರಿನಲ್ಲಿ ಬೆಳಗಿನ ಜಾವ ಮೊಪೆಡ್‌ನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಲು ಹಾಕಲು ಹೋಗುವವರು ತಲೆಗೆ ಮಫ್ಲರ್ ಸುತ್ತಿ, ಕೈಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿರುತ್ತಾರೆ; ನೋಡಿ ನಗಬೇಡಿ, ಈ ವಿಷಯದಲ್ಲಿ ಅವರಿಗಿಂತ ಬಲ್ಲವರಿಲ್ಲ. ಚಳಿಯಲ್ಲಿ ಟೈರಿನ ಗಾಳಿಯೂ ಕುಗ್ಗುತ್ತದೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಲೆಕ್ಕ. ಆದ್ದರಿಂದ ಹಿಂದಿನ ಮಧ್ಯಾಹ್ನ ಬಿಸಿಲಿನಲ್ಲಿ ತುಂಬಿಸಿದ್ದನ್ನು ನೆಚ್ಚದೆ ಹೊರಡುವ ಹೊತ್ತಿಗೆ ಇನ್ನೊಮ್ಮೆ ನೋಡಿಸಿ.

ನಂದಿಯ ಸೂರ್ಯೋದಯದ ಆಸೆಯನ್ನು ಈ ಸವಾರಿಯಿಂದ ತೆಗೆದುಬಿಡಿ ಎಂದರೆ ನಿಮಗೆ ಬೇಸರವಾಗಬಹುದು. ಬೆಟ್ಟ 1478 ಮೀಟರ್ ಎತ್ತರದ್ದು, ನೋಟಕ್ಕೆ ಎರಡು ಮಾತಿಲ್ಲ. ಆದರೆ ವರ್ಷದ ಕೊನೆಯ ಭಾನುವಾರ ಅರ್ಧ ಬೆಂಗಳೂರು ಅದೇ ತಿರುವುಗಳಲ್ಲಿ ಸಾಲುಗಟ್ಟಿರುತ್ತದೆ, ಮಂಜು ಕವಿದಿದ್ದರೆ ಮೇಲೆ ಹೋದವರಿಗೆ ಸೂರ್ಯನೂ ಇಲ್ಲ, ಕೆಳಗಿನ ಬಯಲೂ ಇಲ್ಲ. ಹೊಸಬರು ಮರಗಟ್ಟಿದ ಕೈಗಳಿಂದ, ಕತ್ತಲಲ್ಲಿ ಒದ್ದೆ ತಿರುವುಗಳನ್ನು ಹತ್ತಿ, ಆಮೇಲೆ ಅದೇ ಇಳಿಜಾರನ್ನು ಇಳಿಯಬೇಕಾಗುತ್ತದೆ. ಅದರ ಬದಲು ಬೆಳಕು ಹರಿಯುವಾಗ, ಆರೂವರೆಯ ಸುಮಾರಿಗೆ ಹೆಬ್ಬಾಳ ಬಿಟ್ಟು, ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರನ ಗುಡಿಗೆ ಬನ್ನಿ. ಧನುರ್ಮಾಸವಾದ್ದರಿಂದ ಗುಡಿಗಳಲ್ಲಿ ನಸುಕಿನಲ್ಲೇ ಪೂಜೆ ಶುರುವಾಗಿರುತ್ತದೆ, ಅದೃಷ್ಟವಿದ್ದರೆ ಬಿಸಿ ಹುಗ್ಗಿಯ ಪ್ರಸಾದವೂ ಸಿಕ್ಕೀತು. ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರೆ ಬೆರಳುಗಳಿಗೆ ಜೀವ ಬರುತ್ತದೆ.

ಈಗ ಹುಲ್ಲಿನ ಮಾತು. ಆ ಹೊತ್ತಿಗೆ ನಮ್ಮಲ್ಲಿ ರಾಗಿ ಕೊಯ್ಲು ಮುಗಿದು ಒಕ್ಕಣೆ ನಡೆದಿರುತ್ತದೆ. ಹಿಂದೆ ಊರ ಹೊರಗೆ ನೆಲ ಹದಮಾಡಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಈಗ ಕಣಕ್ಕೆ ಜಾಗವಾಗಲಿ ಆಳುಗಳಾಗಲಿ ಇಲ್ಲದವರು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ, ಬಸ್ಸು, ಟ್ರ್ಯಾಕ್ಟರುಗಳ ಚಕ್ರವೇ ಒಕ್ಕಿಕೊಡುತ್ತದೆ. ಹುರುಳಿಯದೂ ಇದೇ ಕಥೆ. ಇದು ತಪ್ಪು ಎಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ನಮ್ಮ ತಂದೆಯವರೂ ಹೀಗೆಯೇ ಒಕ್ಕಿದವರಾದ್ದರಿಂದ ನನಗೆ ಬೈಯಲು ಬಾಯಿ ಬರುವುದಿಲ್ಲ. ಎರಡು ಚಕ್ರದವರಿಗೆ ಮಾತ್ರ ಇದು ಮರಳಿಗಿಂತ ಕೆಟ್ಟ ನೆಲ. ಬಿಸಿಲೇರಿದ ಮೇಲೆ ಒಣಗಿದ ಹುಲ್ಲು ಒಂದಿಷ್ಟು ವಾಸಿ, ಬೆಳಗಿನ ಇಬ್ಬನಿ ಕುಡಿದ ಹುಲ್ಲು ಸಾಬೂನು ಬಳಿದ ಕಲ್ಲಿನಂತೆ. ಎರಡು ವರ್ಷದ ಹಿಂದೆ ಪೆರೇಸಂದ್ರದಿಂದ ಗುಡಿಬಂಡೆಗೆ ಹೋಗುವಾಗ, ಹುಣಸೆ ಮರಗಳ ನೆರಳಿನಲ್ಲಿ ಬಿಸಿಲು ತಾಗದೆ ಉಳಿದಿದ್ದ ಇಂಥದೇ ಹುಲ್ಲಿನ ಮೇಲೆ ನಮ್ಮ ಸಾಲಿನ ಮೂರನೆಯವನು ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದ. ಚಕ್ರ ಎಡಕ್ಕೆ ಜಾರಿತು, ಬೈಕ್ ಮಲಗಿತು, ಅವನು ಹುಲ್ಲಿನ ಜೊತೆಗೇ ಏಳೆಂಟು ಅಡಿ ಸಾಗಿ ಕುಳಿತ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಕ್ಲಚ್ ಲಿವರ್ ಮಾತ್ರ ಅರ್ಧಕ್ಕೆ ಮುರಿದಿತ್ತು. ಒಕ್ಕಣೆಯಲ್ಲಿದ್ದ ಅಜ್ಜಿಯೊಬ್ಬರು ಚೊಂಬಿನಲ್ಲಿ ನೀರು ತಂದುಕೊಟ್ಟು, “ಹುಲ್ಲಿನ ಮ್ಯಾಲೆ ಬಿರೇಕು ಹಿಡೀಬಾರ್ದು ಕಣಪ್ಪಾ, ಸುಮ್ಕೆ ಹಂಗೇ ಬಿಟ್ಬಿಡ್ಬೇಕು” ಎಂದರು. ಗಾಡಿಯನ್ನೇ ಓಡಿಸದ ಅವರು ಹೇಳಿದ್ದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹುಲ್ಲು ಮುಟ್ಟುವ ಮೊದಲೇ ವೇಗ ಇಳಿಸಬೇಕು, ಹುಲ್ಲಿನ ಮೇಲೆ ಹ್ಯಾಂಡಲ್ ನೆಟ್ಟಗಿಟ್ಟು, ಎರಡನೆಯ ಗೇರಿನಲ್ಲಿ, ಬ್ರೇಕ್ ಮುಟ್ಟದೆ ದಾಟಬೇಕು.

ಇನ್ನೊಂದನ್ನು ಹೊರಗಿನವರು ಗಮನಿಸುವುದೇ ಇಲ್ಲ. ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಗಲು ಹಾಕಿದವರು ಅದರ ಅಂಚಿಗೆ ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಜೋಡಿಸಿರುತ್ತಾರೆ, ಸಂಜೆ ಕಾಳು ಮನೆಗೆ ಹೋಗುತ್ತದೆ, ಕೆಲವು ಕಲ್ಲುಗಳು ರಸ್ತೆಯಲ್ಲೇ ಉಳಿಯುತ್ತವೆ. ನಾಲ್ಕು ಗಂಟೆಗೆ ಹೊರಡಬೇಡಿ ಎಂದದ್ದಕ್ಕೆ ಚಳಿಗಿಂತ ದೊಡ್ಡ ಕಾರಣ ಈ ಕಲ್ಲುಗಳು. ಹುಲ್ಲು ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಎಂಜಿನ್ ಕೆಳಗೆ, ಸೈಲೆನ್ಸರ್ ಪೈಪಿನ ಸುತ್ತ, ಚೈನಿನ ಬಳಿ ಎಳೆಗಳು ಸಿಕ್ಕಿಕೊಂಡಿವೆಯೇ ನೋಡಿ. ಕಾದ ಪೈಪಿಗೆ ಒಣ ಹುಲ್ಲು ತಾಗಿದರೆ ಹೊಗೆಯಾಡಲು ಹೆಚ್ಚು ಹೊತ್ತು ಬೇಡ.

ಗುಂಪಿನ ವಿಷಯದಲ್ಲಿ ನಮ್ಮದು ಒಂದೇ ನಿಯಮ. ಹೊಸಬರನ್ನು ಕೊನೆಗೆ ಹಾಕಬಾರದು. ಕೊನೆಯಲ್ಲಿರುವವನು ಮುಂದಿನವರನ್ನು ಹಿಡಿಯಲು ಸದಾ ತನ್ನ ಶಕ್ತಿಗೆ ಮೀರಿ ಓಡಿಸುತ್ತಾನೆ. ದಾರಿ ಬಲ್ಲವನು ಮುಂದೆ, ಅವನ ಬೆನ್ನಿಗೇ ಮೂವರು ಹೊಸಬರು, ಎಲ್ಲರಿಗಿಂತ ಹಿಂದೆ ರಿಪೇರಿ ಬಲ್ಲ ನಿಧಾನಸ್ಥ. ಪ್ರತಿ ತಿರುವಿನಲ್ಲೂ ಹಿಂದಿನ ಬೈಕ್‌ನ ದೀಪ ಕಾಣುವವರೆಗೆ ಮುಂದಿನವನು ನಿಲ್ಲಬೇಕು. ಹೀಗೆ ಮಾಡಿದರೆ ಫೋನ್ ಸಿಗ್ನಲ್ ಇಲ್ಲದ ಕಡೆಯೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಕ್ಲಚ್ ಮತ್ತು ಬ್ರೇಕ್ ಲಿವರ್ ಒಂದೊಂದು ಜೊತೆ ಚೀಲದಲ್ಲಿರಲಿ. ಅಂದು ನಾವು ಮುರಿದ ಮೋಟು ಲಿವರನ್ನೇ ಎರಡು ಬೆರಳಲ್ಲಿ ಎಳೆಯುತ್ತ ಅವನನ್ನು ಊರು ಸೇರಿಸಿದ್ದೆವು.

ದಾರಿ ಸುಲಭವಾಗಿದೆ. ಚಿಕ್ಕಬಳ್ಳಾಪುರದಲ್ಲಿ ತಿಂಡಿ, ಹೆದ್ದಾರಿಯಲ್ಲಿ ಪೆರೇಸಂದ್ರದವರೆಗೆ ಹೋಗಿ ಎಡಕ್ಕೆ ಗುಡಿಬಂಡೆ. ಅಲ್ಲಿನ ಏಳು ಸುತ್ತಿನ ಕೋಟೆಯನ್ನು ಹತ್ತುವಷ್ಟರಲ್ಲಿ ಹಾಕಿಕೊಂಡ ಸ್ವೆಟರ್‌ಗಳೆಲ್ಲ ಸೊಂಟಕ್ಕೆ ಬಂದಿರುತ್ತವೆ. ಮೇಲಿನಿಂದ ಅಮಾನಿ ಭೈರಸಾಗರ ಕೆರೆ ಭಾರತದ ನಕ್ಷೆಯಂತೆ ಕಾಣುತ್ತದೆ ಎನ್ನುತ್ತಾರೆ, ನನಗೆ ಒಮ್ಮೊಮ್ಮೆ ಕಾಣುತ್ತದೆ. ಅಲ್ಲಿಂದ ಗೌರಿಬಿದನೂರಿಗೆ ಇಳಿದರೆ ವಿದುರಾಶ್ವತ್ಥ ಹತ್ತಿರವೇ. 1938ರ ಧ್ವಜ ಸತ್ಯಾಗ್ರಹದಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕದ ಮುಂದೆ ಹತ್ತು ನಿಮಿಷ ನಿಲ್ಲಿ. ಮರಳುವಾಗ ಮಂಚೇನಹಳ್ಳಿಯ ದಾರಿ ಹಿಡಿಯಿರಿ. ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗಿ ಚಳಿ ಮತ್ತೆ ಇಳಿಯುವುದರಿಂದ ನಾಲ್ಕರ ಒಳಗೆ ಹೆದ್ದಾರಿ ಸೇರಿಬಿಡಿ.

ದಾರಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಇಬ್ಬನಿ ಬಿದ್ದ ಕಾಯಿಯ ಸೊಗಡು ಬೆಂಗಳೂರಿನ ತಳ್ಳುಗಾಡಿಯಲ್ಲಿ ಸಿಗುವುದಿಲ್ಲ, ಹಿಡಿದರೆ ಬೆರಳಿಗೆ ಜಿಡ್ಡು ಅಂಟಬೇಕು, ಅಂಥದನ್ನೇ ಆರಿಸಿ. ಚೀಲವನ್ನು ಮಾತ್ರ ಸೈಲೆನ್ಸರ್ ಇರುವ ಬದಿಗೆ ಕಟ್ಟಬೇಡಿ. ನಾನು ಒಮ್ಮೆ ಕಟ್ಟಿ, ಮನೆ ತಲುಪಿ ಸುರಿದು ನೋಡಿದಾಗ ತಳದ ಅರ್ಧ ಸೇರು ಕಾಯಿ ಸಿಪ್ಪೆಸಮೇತ ಬೆಂದುಹೋಗಿತ್ತು. ಉಪ್ಪು ಹಾಕಿ ಅದನ್ನು ಅಲ್ಲೇ ತಿಂದು ಮುಗಿಸಿದೆವು.